ಗೈರೊಫ್ಲೋ: ಅಲುಗಾಡಿದ ತೇರಿನ ವಿಡಿಯೊಗೆ ನಂಬಬಹುದಾದ ತಂತ್ರಾಂಶ

ನಮ್ಮೂರಿನ ರಥೋತ್ಸವವನ್ನು ಚಿತ್ರೀಕರಿಸುವ ಹೊಣೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹಗ್ಗ ಹಿಡಿದು ತೇರೆಳೆಯುವವರ ಎದುರು ಹಿಮ್ಮುಖವಾಗಿ ನಡೆಯುತ್ತ, ಜನರ ನಡುವೆ ತೂರಿಕೊಂಡು ಕ್ಯಾಮೆರಾ ಹಿಡಿಯಬೇಕಾಗುವುದರಿಂದ ಟ್ರೈಪಾಡ್ ಆಗಲಿ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಆಗಲಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಳೆದ ವರ್ಷದ ವಿಡಿಯೊವನ್ನು ಸಂಕಲನ ತಂತ್ರಾಂಶವೊಂದರ ಸ್ಟೆಬಿಲೈಜರ್‌ಗೆ ಒಪ್ಪಿಸಿದಾಗ ನಡುಕವೇನೋ ತಗ್ಗಿತು. ಆದರೆ ತೇರಿನ ತುದಿಯ ಕಳಸ ನೀರಿನೊಳಗಿನ ಪ್ರತಿಬಿಂಬದಂತೆ ಬಳುಕತೊಡಗಿತು. ಅಂಚುಗಳು ಕತ್ತರಿಸಿಹೋಗಿ ಮುಖಗಳು ಮಸುಕಾದವು. ಈ ಬಾರಿ ಗೋಪ್ರೊ ಕ್ಯಾಮೆರಾದಲ್ಲಿ 4ಕೆ ಚಿತ್ರೀಕರಿಸಿ, ಗೈರೊಫ್ಲೋ ಎಂಬ ಉಚಿತ, ಮುಕ್ತ ಆಕರದ ತಂತ್ರಾಂಶವನ್ನು ಬಳಸಿದೆ.

ಸಾಮಾನ್ಯ ಸ್ಟೆಬಿಲೈಜರ್‌ಗಳು ಚಿತ್ರದೊಳಗಿನ ಬಿಂದುಗಳನ್ನು ಹಿಂಬಾಲಿಸಿ ಕ್ಯಾಮೆರಾ ಎತ್ತ ಅಲುಗಿತೆಂದು ಊಹಿಸುತ್ತವೆ. ಫ್ರೇಮಿನ ಬಹುಪಾಲನ್ನು ತುಂಬಿಕೊಂಡ ತೇರು ತಾನೇ ಓಲಾಡುತ್ತಿರುವಾಗ ಆ ಊಹೆ ತಪ್ಪುವುದು ಸಹಜ. ಗೈರೊಫ್ಲೋ ಊಹೆಗೆ ಹೋಗುವುದಿಲ್ಲ. ಕ್ಯಾಮೆರಾದೊಳಗಿನ ಗೈರೊಸ್ಕೋಪ್ ಸೆಕೆಂಡಿಗೆ ನೂರಾರು ಬಾರಿ ಅಳೆದಿಟ್ಟ ತಿರುಗುವಿಕೆಯ ದಾಖಲೆಯನ್ನು ಓದಿ, ಅದಕ್ಕೆ ಸರಿಯಾಗಿ ಪ್ರತಿ ಫ್ರೇಮನ್ನೂ ಎದುರು ದಿಕ್ಕಿಗೆ ತಿರುಗಿಸುತ್ತದೆ. ಗೋಪ್ರೊ ಹೀರೊ 5ರಿಂದೀಚಿನ ಕ್ಯಾಮೆರಾಗಳು ಈ ದಾಖಲೆಯನ್ನು ವಿಡಿಯೊ ಕಡತದಲ್ಲಿಯೇ ಸೇರಿಸುತ್ತವೆ. ಸೋನಿ ಹಾಗೂ ಇನ್‌ಸ್ಟಾ360ಯ ಹಲವು ಮಾದರಿಗಳಲ್ಲಿಯೂ ಅದು ಸಿಗುತ್ತದೆ. ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ಉಂಟಾಗುವ ಓರೆಯನ್ನೂ ಇದೇ ದಾಖಲೆಯಿಂದ ಸರಿಪಡಿಸಬಹುದು. ಈ ವರ್ಷ ಕಳಸ ಬಳುಕದೆ ನೆಟ್ಟಗೆ ನಿಂತದ್ದನ್ನು ಪರದೆಯ ಮೇಲೆ ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಗುಣಮಟ್ಟದ ವಿಷಯ. ಚಿತ್ರವನ್ನು ತಿರುಗಿಸಿದರೆ ಅಂಚಿನಲ್ಲಿ ಕಪ್ಪು ಜಾಗ ಉಳಿಯುತ್ತದೆ. ಅದನ್ನು ಮರೆಸಲು ಹಿಗ್ಗಿಸಲೇಬೇಕು, ಹಿಗ್ಗಿಸಿದಷ್ಟೂ ಪಿಕ್ಸೆಲ್‌ಗಳು ಕಳೆದುಹೋಗುತ್ತವೆ. 4ಕೆ, ಅಂದರೆ 3840×2160ರ ಚಿತ್ರವನ್ನು ಶೇ 15ರಷ್ಟು ಹಿಗ್ಗಿಸಿದರೂ ಸುಮಾರು 3340×1880 ಪಿಕ್ಸೆಲ್‌ಗಳ ಭಾಗ ಉಳಿಯುವುದರಿಂದ, ಅದನ್ನು 1920×1080ಕ್ಕೆ ಇಳಿಸಿ ತೋರಿಸುವವರಿಗೆ ನಷ್ಟವೇ ಕಾಣುವುದಿಲ್ಲ. ಸ್ಮೂತ್‌ನೆಸ್ ಎಂಬ ಪಟ್ಟಿಯನ್ನು ಬಲಕ್ಕೆ ಎಳೆದಷ್ಟೂ ಚಲನೆ ನುಣುಪಾಗುತ್ತದೆ, ಜೊತೆಗೆ ಕತ್ತರಿಯೂ ಹೆಚ್ಚುತ್ತದೆ. ತೇರಿನ ಸಾಗಾಟಕ್ಕೆ ತುಸು ಓಲಾಟವಿದ್ದರೇ ಚೆಂದವೆಂದು ನಾನು ಅದನ್ನು ಕಡಿಮೆಯೇ ಇಟ್ಟೆ. ಡೈನಾಮಿಕ್ ಜೂಮ್ ಆಯ್ದುಕೊಂಡರೆ ಹೆಚ್ಚು ಅಲುಗಿದ ಕಡೆ ಮಾತ್ರ ಚಿತ್ರ ಹೆಚ್ಚು ಹಿಗ್ಗುತ್ತದೆ; ಒಂದು ಕ್ಷಣದ ಎಡವಟ್ಟಿಗಾಗಿ ಇಡೀ ವಿಡಿಯೊ ಕಿರಿದಾಗುವುದಿಲ್ಲ.

ಗುಣಮಟ್ಟ ಸೋರಿಹೋಗುವ ಮತ್ತೊಂದು ಜಾಗ ಮರು ಸಂಕೋಚನ. ಸ್ಥಿರಗೊಳಿಸಿದ ವಿಡಿಯೊವನ್ನು ಒಮ್ಮೆ ಉಳಿಸಿ, ಸಂಕಲನ ಮುಗಿದ ಮೇಲೆ ಮತ್ತೊಮ್ಮೆ ಉಳಿಸಿದರೆ ಎರಡು ಬಾರಿ ಹಿಂಡಿದಂತಾಗುತ್ತದೆ. ಹೀಗಾಗಿ ಗೈರೊಫ್ಲೋದ ಪ್ಲಗಿನ್ (ಬೇರೊಂದು ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಭಾಗ) ಅನ್ನು ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದೊಳಗೆ ಹಾಕಿಕೊಂಡು ಮೂಲ ಕಡತದ ಮೇಲೆಯೇ ಕೆಲಸ ಮಾಡುವುದು ಉತ್ತಮವೆಂದು ನಾನು ಒತ್ತಿ ಹೇಳುತ್ತೇನೆ. ಪ್ಲಗಿನ್ ಬೇಡವೆನ್ನುವವರು ಚಿತ್ರವನ್ನು ಕಡಿಮೆ ಹಿಂಡುವ ಪ್ರೊರೆಸ್ ರೂಪದಲ್ಲಿ ಉಳಿಸಿಕೊಳ್ಳಬಹುದು. ಕಡತ ಬಹಳ ದೊಡ್ಡದಾಗುತ್ತದೆ, ಚಿತ್ರ ಮಾತ್ರ ಕಣ್ಣಿಗೆ ಕಾಣುವಷ್ಟು ಕೆಡುವುದಿಲ್ಲ.

ಆದರೆ ಚಿತ್ರೀಕರಣಕ್ಕೆ ಮುಂಚೆಯೇ ಇದಕ್ಕೆ ಸಿದ್ಧತೆ ಬೇಕು. ಕ್ಯಾಮೆರಾದೊಳಗಿನ ಸ್ಥಿರೀಕರಣವನ್ನು ಆಫ್ ಮಾಡಿಡಬೇಕು. ಇಲ್ಲದಿದ್ದರೆ ಮೊದಲೇ ತಿದ್ದಿದ ಚಿತ್ರಕ್ಕೂ ಗೈರೊ ದಾಖಲೆಗೂ ತಾಳೆಯಾಗುವುದಿಲ್ಲ. ಶಟರ್ ವೇಗವೂ ಹೆಚ್ಚಿರಬೇಕು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ ಚಿಕ್ಕದಿರಬೇಕು. ಬಿಸಿಲಿನಲ್ಲಿ, ಜನ ತೇರಿಗೆ ಬಾಳೆಹಣ್ಣು, ಉತ್ತತ್ತಿ ಎಸೆಯುವ ಹೊತ್ತಿನಲ್ಲಿ, ನಾನು ಸೆಕೆಂಡಿನ 1/240ರಲ್ಲಿ ತೆಗೆದ ದೃಶ್ಯಗಳು ಬಹಳ ಸ್ಪಷ್ಟವಾಗಿ ಬಂದಿವೆ. ಗಾಳಿಯಲ್ಲಿರುವ ಒಂದೊಂದು ಹಣ್ಣನ್ನೂ ಗುರುತಿಸಬಹುದು. ಸಂಜೆ ಬೆಳಕು ಸಾಲದೆ 1/60ಕ್ಕೆ ಇಳಿಸಿದ್ದು ನನ್ನದೇ ತಪ್ಪು. ಅಲ್ಲಿ ಚೌಕಟ್ಟು ಅಲುಗದೆ ನಿಂತಿದೆ, ಆದರೆ ಅದರೊಳಗೆ ದೀಪಗಳು ಆಗಾಗ ಗೆರೆಗಳಂತೆ ಎಳೆದುಕೊಂಡು ಮತ್ತೆ ಚುಕ್ಕೆಯಾಗುತ್ತವೆ. ಫ್ರೇಮಿನಲ್ಲಿ ಒಮ್ಮೆ ಅಚ್ಚಾದ ಮಸುಕನ್ನು ಯಾವ ಗೈರೊ ದಾಖಲೆಯೂ ಅಳಿಸಲಾರದು.

ಗೈರೊಸ್ಕೋಪ್ ತಿರುಗುವಿಕೆಯನ್ನಷ್ಟೇ ಅಳೆಯುತ್ತದೆಯಾದ್ದರಿಂದ ಹೆಜ್ಜೆಯ ಏರಿಳಿತವೂ ಹಾಗೆಯೇ ಉಳಿಯುತ್ತದೆ. ದೂರದ ಗೋಪುರದ ದೃಶ್ಯದಲ್ಲಿ ಅದು ಗಮನಕ್ಕೆ ಬರುವುದಿಲ್ಲ. ಎರಡು ಮೊಳ ದೂರದಿಂದ ಗಾಲಿಯನ್ನು ತೆಗೆದ ದೃಶ್ಯದಲ್ಲಿ ಢಾಳಾಗಿ ಕಾಣುತ್ತದೆ. ಆ ದೃಶ್ಯದ ವೇಗವನ್ನು ಅರ್ಧಕ್ಕಿಳಿಸಿದ ಮೇಲೆ ಏರಿಳಿತ ಕಣ್ಣಿಗೆ ಒಗ್ಗಿತು. ಗಾಲಿಗೆ ಅಡ್ಡವಾಗಿ ಮರದ ತುಂಡು ಇಡುವವರ ಕೈಗಳು ಆ ದೃಶ್ಯದಲ್ಲಿ ಅಷ್ಟು ಚೆನ್ನಾಗಿ ಬಂದಿದ್ದುದರಿಂದ ನಾನು ಅದನ್ನು ಕೈಬಿಡಲಿಲ್ಲ.