ಕೆನ್ನೆಗೆ ಐದು ಹೊಲಿಗೆ ಹಾಕಿದರು, ಸೀರಮ್ ಮಾತ್ರ ಹಾಕಲಿಲ್ಲ

ನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು ಸೀದಾ ನರ್ಸಿಂಗ್ ಹೋಮಿಗೆ ಓಡುವವರು ದಯವಿಟ್ಟು ಇದನ್ನು ಓದಿ. ಕೋಪ ಇನ್ನೂ ಇಳಿದಿಲ್ಲ, ಬರಹ ಹಿಂದೆ ಮುಂದೆ ಆದರೆ ಬೇಜಾರಾಗಬೇಡಿ. ನಾಚಿಕೆಯೂ ಇದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. 1885ರಲ್ಲಿ ಲೂಯಿ ಪಾಸ್ಟರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ನನ್ನು ರೇಬೀಸ್ ಲಸಿಕೆಯಿಂದ ಉಳಿಸಿದ ಕಥೆಯನ್ನು ಪ್ರತಿ ವರ್ಷ ಹೇಳುತ್ತೇನೆ. ನನ್ನ ಮಗನಿಗೇ ಕಚ್ಚಿದಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ!

ಮಗನಿಗೆ ಆರು ವರ್ಷ. ಭಾನುವಾರ ಸಂಜೆ ಅಂಗಡಿಯಿಂದ ಬರುವಾಗ ಬೀದಿ ನಾಯಿ ಮೈಮೇಲೆ ಹಾರಿ ಬಲಗೆನ್ನೆ ಹರಿದುಬಿಟ್ಟಿತು. ತೋಳಿನಲ್ಲಿ ಎರಡು ಕಡೆ ಹಲ್ಲು ನಾಟಿತ್ತು. ರಕ್ತ ನೋಡಿ ನನಗೆ ಕೈಕಾಲೇ ಆಡಲಿಲ್ಲ. ಅತ್ತೆ ಅರಿಶಿನ ಮೆತ್ತಿದರು, ನಾನು ತಡೆಯಲಿಲ್ಲ. ಸೋಪು ಹಚ್ಚಿ ನಲ್ಲಿ ಕೆಳಗೆ ಹದಿನೈದು ನಿಮಿಷ ತೊಳೆಯಬೇಕಿತ್ತು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆಟೋ ಜಿಲ್ಲಾ ಆಸ್ಪತ್ರೆಯ ಗೇಟಿನ ಮುಂದೆಯೇ ಹೋಯಿತು. "ಇಲ್ಲೇ ನಿಲ್ಲಿಸ್ಲಾ ಅಕ್ಕಾ?" ಅಂತ ಆಟೋದವನು ಕೇಳಿದ. ಬೇಡ, ಅಲ್ಲಿ ಕ್ಯೂ ಇರುತ್ತೆ, ಮುಂದೆ ಹೋಗಪ್ಪ ಅಂದವಳೂ ನಾನೇ.

ನರ್ಸಿಂಗ್ ಹೋಮಿನಲ್ಲಿ ಎಲ್ಲವೂ ಸರಸರ ನಡೆಯಿತು. "ಮುಖ ಅಲ್ವಾ ಮೇಡಂ, ಕಲೆ ಉಳೀಬಾರದು" ಅಂದರು. ಅರ್ಧ ಗಂಟೆಯಲ್ಲಿ ಐದು ಹೊಲಿಗೆ, ಒಂದು ಟಿಟಿ, ಒಂದು ರೇಬೀಸ್ ಇಂಜೆಕ್ಷನ್. ಬಿಲ್ 11,400 ರೂಪಾಯಿ. ಅದರಲ್ಲಿ ಕಾಸ್ಮೆಟಿಕ್ ಹೊಲಿಗೆ ಅಂತಲೇ 6,500. "ಇನ್ನೇನಾದರೂ ಹಾಕಿಸಬೇಕಾ ಡಾಕ್ಟ್ರೇ?" ಅಂತ ಕೇಳಿದೆ. ಕೇಳಿದ್ದೆ, ನೆನಪಿರಲಿ. "ಎಲ್ಲಾ ಆಗಿದೆ, ಬುಧವಾರ ಎರಡನೇ ಡೋಸಿಗೆ ಬನ್ನಿ" ಅಂದರು. ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಮಂಗಳವಾರ ಸ್ಟಾಫ್ ರೂಮಿನಲ್ಲಿ ಪಿಟಿ ಮೇಷ್ಟ್ರು, "ಈ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಅಲ್ವಾ, ಸುಮ್ನೆ ಯಾಕೆ ದುಡ್ಡು ಸುರೀತೀರಿ?" ಅಂದರು. ದುಡ್ಡು ಉಳಿಯುತ್ತೆ ಅಂತಲೇ ಬುಧವಾರ ಜಿಲ್ಲಾ ಆಸ್ಪತ್ರೆಗೆ ಹೋದದ್ದು. ಬೇರೆ ಯಾವ ಕಾರಣವೂ ಇರಲಿಲ್ಲ. ಇಂಜೆಕ್ಷನ್ ರೂಮಿನ ಸಿಸ್ಟರ್ ಮಗನ ಕೆನ್ನೆ ನೋಡಿದರು, ಚೀಟಿ ತಿರುಗಿಸಿ ನೋಡಿದರು.

"ಅವತ್ತು ಮಗು ತೂಕ ಎಷ್ಟಿತ್ತಮ್ಮಾ?"

"ತೂಕ ಯಾರೂ ನೋಡಲಿಲ್ಲ."

"ತೂಕ ನೋಡದೆ ಸೀರಮ್ ಹೇಗೆ ಹಾಕಿದ್ರು?"

ಯಾವ ಸೀರಮ್? ನನ್ನ ಎದೆ ಝಲ್ ಅಂದಿದ್ದು ಆಗ. ಡ್ಯೂಟಿ ಡಾಕ್ಟರು, ನನ್ನ ಹಳೇ ಸ್ಟೂಡೆಂಟ್ ವಯಸ್ಸಿನ ಹುಡುಗಿ, ನಿಧಾನವಾಗಿ ಹೇಳಿದರು. ಗಾಯದಿಂದ ರಕ್ತ ಬಂದಿದ್ದರೆ ಅದು ಮೂರನೇ ದರ್ಜೆಯ, ಅಂದರೆ ಅತಿ ತೀವ್ರ ಕಡಿತ. ಲಸಿಕೆ ಹಾಕಿದ ತಕ್ಷಣ ಮೈಗೆ ರಕ್ಷಣೆ ಬರುವುದಿಲ್ಲ, ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಮೈಯನ್ನು ಕಾಪಾಡುವುದು ಇಮ್ಯುನೋಗ್ಲೋಬ್ಯುಲಿನ್, ಅಂದರೆ ಸೀರಮ್. ಅದನ್ನು ಗಾಯದ ಒಳಗೆ, ಸುತ್ತಮುತ್ತ ಚುಚ್ಚಬೇಕು. ಹೊಲಿಗೆ ಆದಷ್ಟು ಹಾಕಬಾರದು, ಹಾಕಲೇಬೇಕಾದರೆ ಸೀರಮ್ ಆದ ಮೇಲೆ, ಸಡಿಲವಾಗಿ. ನಮ್ಮಲ್ಲಿ ಎಲ್ಲಾ ಉಲ್ಟಾ. ಮುಖದ ಕಡಿತ ಮಿದುಳಿಗೆ ಹತ್ತಿರ, ಕಾಯಲು ಸಮಯವೇ ಇರುವುದಿಲ್ಲ. "ಮೊದಲ ಲಸಿಕೆ ಆಗಿ ಏಳು ದಿನದೊಳಗೆ ಬಂದ್ರಿ, ಪುಣ್ಯ" ಅಂದರು. ಪುಣ್ಯ ಅಲ್ಲ ತಾಯಿ, ಜಿಪುಣತನ.

ತೂಕ ನೋಡಿದರು, 18 ಕೆಜಿ. ಕುದುರೆಯ ರಕ್ತದಿಂದ ಮಾಡುವ ಸೀರಮ್ ಕೆಜಿಗೆ 40 ಯೂನಿಟ್, ಒಟ್ಟು 720. ಕೆನ್ನೆಯ ಹೊಲಿಗೆಯ ಸುತ್ತ, ತೋಳಿನ ಎರಡೂ ಗಾಯಕ್ಕೆ ಸಣ್ಣ ಸೂಜಿಯಲ್ಲಿ ಹಾಕಿದರು. ಮಗ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಕೊಟ್ಟ ದುಡ್ಡು ಓಪಿಡಿ ಚೀಟಿಯದ್ದು ಮಾತ್ರ.

ಅಲ್ಲಿಂದ ಸೀದಾ ನರ್ಸಿಂಗ್ ಹೋಮಿಗೆ ಹೋದೆ. ರಿಸೆಪ್ಷನ್ ಹುಡುಗಿ, "ಸೀರಮ್ ಅಂದ್ರೆ ಬ್ಲಡ್ ಟೆಸ್ಟಾ ಮೇಡಂ?" ಅಂದಳು. ಅವಳದ್ದೇನು ತಪ್ಪು, ಬಿಡಿ. ಡಾಕ್ಟರು ಮೊದಲು, "ವ್ಯಾಕ್ಸಿನ್ ಹಾಕಿದ್ದೀವಲ್ಲ" ಅಂದರು. ಆಮೇಲೆ, "ನಾಯಿನ ಹತ್ತು ದಿನ ನೋಡ್ತಿರಿ, ಚೆನ್ನಾಗಿದ್ರೆ ಏನೂ ಆಗಲ್ಲ." ಬೀದಿ ನಾಯಿ ಸ್ವಾಮಿ! ಅವತ್ತಿನಿಂದ ಕಣ್ಣಿಗೇ ಬಿದ್ದಿಲ್ಲ, ಎಲ್ಲಿ ಅಂತ ನೋಡಲಿ? ಕೊನೆಗೆ ಬಾಯಿಬಿಟ್ಟರು.

"ಅವತ್ತು ಸ್ಟಾಕ್ ಇರಲಿಲ್ಲ ಮೇಡಂ."

"ಹಾಗಂತ ಹೇಳಬಹುದಿತ್ತಲ್ಲ?"

"ನೀವು ಕೇಳ್ಲೇ ಇಲ್ವಲ್ಲ."

ಸ್ಟಾಕ್ ಇರಲಿಲ್ಲ. ಹೊಲಿಗೆ ದಾರ ಸ್ಟಾಕ್ ಇತ್ತು, ಬಿಲ್ ಪುಸ್ತಕ ಸ್ಟಾಕ್ ಇತ್ತು. ಒಂದು ಮಾತು ಹೇಳಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದ್ದರೆ ಹತ್ತು ನಿಮಿಷದ ದಾರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ ಅಂತ ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಹಾಗಾಗಿ, ಮೊದಲು ತೊಳೆಯಿರಿ. ಆಮೇಲೆ ಎಲ್ಲಿಗೇ ಹೋದರೂ ಬಾಗಿಲಲ್ಲೇ ಸೀರಮ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಕುರ್ಚಿಯಲ್ಲೂ ಕೂರಬೇಡಿ. ಮಗುವಿನ ತೂಕ ನೋಡದೆ ಹೊಲಿಗೆ ಸೂಜಿ ತೆಗೆದರೆ ಎದ್ದು ಬನ್ನಿ.

ಇವತ್ತು ಎಂಟನೇ ದಿನ. ನಿನ್ನೆ ಏಳನೇ ದಿನದ ಡೋಸ್ ಆಯಿತು, ಇನ್ನು 28ನೇ ದಿನದ್ದು ಬಾಕಿ. ರಾತ್ರಿ ಮಗ ನೀರು ಕುಡಿಯುವಾಗ ಅವನ ಗಂಟಲನ್ನೇ ನೋಡುತ್ತಾ ಕೂರುತ್ತೇನೆ. ಬೆಳಿಗ್ಗೆ ನರ್ಸಿಂಗ್ ಹೋಮಿನಿಂದ ಫೋನ್ ಬಂದಿತ್ತು. "ಹೊಲಿಗೆ ಬಿಚ್ಚಿಸೋಕೆ ಬರಲೇ ಇಲ್ವಲ್ಲ ಮೇಡಂ? ಅದು ಬಿಲ್ಲಲ್ಲೇ ಸೇರಿದೆ, ಎಕ್ಸ್‌ಟ್ರಾ ಏನಿಲ್ಲ."