ನಸುಕೋ, ಸಂಜೆಯೋ, ಟ್ರೆಡ್‌ಮಿಲ್ಲೋ: ಬೇಸಿಗೆಯಲ್ಲಿ ಮ್ಯಾರಥಾನ್ ತಯಾರಿ

ಹೈದರಾಬಾದ್ ಮ್ಯಾರಥಾನ್ ಬರುವುದು ಆಗಸ್ಟ್‌ನಲ್ಲಿ. 42.195 ಕಿಲೋಮೀಟರ್‌ಗೆ ಕಾಲು ಹದವಾಗಲು ನಾಲ್ಕು ತಿಂಗಳಾದರೂ ಬೇಕು. ಅಂದರೆ ಏಪ್ರಿಲ್‌ನಲ್ಲೇ ಶುರು ಮಾಡಬೇಕು. ಮೈಸೂರಿನಲ್ಲಿ ಬಿಸಿಲು ಏರಿ ಕೂತಿರುವುದೂ ಆಗಲೇ. ಜನವರಿಯ ಮುಂಬೈ ಓಟಕ್ಕೆ ಹೆಸರು ಕೊಟ್ಟವರು ಮಳೆ, ಚಳಿ ನೋಡಿಕೊಂಡು ಆರಾಮಾಗಿ ತಯಾರಾಗುತ್ತಾರೆ. ನಮಗೆ ಆ ಭಾಗ್ಯ ಇಲ್ಲ.

ನಮ್ಮದು ಸಣ್ಣ ಗುಂಪು. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಐವತ್ತು ದಾಟಿದವರು. ಒಬ್ಬ ಬ್ಯಾಂಕಿನವನು, ಎಲ್ಲರಿಗಿಂತ ಜೋರು. ಇನ್ನೊಬ್ಬರು ಡಾಕ್ಟರು, ನಾವು ಡಾಕ್ಟ್ರಮ್ಮ ಅನ್ನುತ್ತೇವೆ. ಆಮೇಲೆ ನಾನು, ನನ್ನ ಹಾಗೆ ಮಧ್ಯದಲ್ಲಿ ಓಡುವ ಒಂದಿಬ್ಬರು. ಯಾವ ಹೊತ್ತಿಗೆ ಓಡಬೇಕು, ಯಾವ ದಾರಿ, ಬಾಟಲಿಯಲ್ಲಿ ಏನಿರಬೇಕು ಅಂತ ನಮ್ಮಲ್ಲಿ ದಿನಾ ವಾದ. ಹಾಗಾಗಿ ಎಲ್ಲವನ್ನೂ ಮಾಡಿಯೇ ನೋಡಿದೆವು. ಅಳತೆಗೆ ಇಟ್ಟುಕೊಂಡದ್ದು ಒಂದೇ: ಇವತ್ತು ಹೀಗೆ ಓಡಿದರೆ ನಾಳಿದ್ದಿನ ಓಟಕ್ಕೆ ಕಾಲು ಏಳುತ್ತದಾ? ಇವತ್ತು ಎಷ್ಟು ಹಾಯಾಗಿತ್ತು ಅನ್ನುವುದಕ್ಕೆ ಅಂಕ ಕೊಡಲಿಲ್ಲ.

ನಸುಕು ಮತ್ತು ಸಂಜೆ

ದಿನದಲ್ಲಿ ಗಾಳಿ ಅತಿ ತಣ್ಣಗಿರುವುದು ಸೂರ್ಯ ಹುಟ್ಟುವ ಮುಂಚೆ. ಏಪ್ರಿಲ್ ಕೊನೆಯಲ್ಲಿ ನಮ್ಮೂರಲ್ಲಿ ಸೂರ್ಯ ಕಾಣುವುದು ಆರು ಗಂಟೆಯ ಆಸುಪಾಸು. ಏಳೂವರೆಗೆಲ್ಲ ಬಿಸಿಲು ಬೆನ್ನಿಗೆ ಚುರುಕು ಮುಟ್ಟಿಸುತ್ತದೆ. ಮೂರು ಗಂಟೆಯ ಓಟ ಇದ್ದರೆ ನಾಲ್ಕೂವರೆಗೆ ರಸ್ತೆಯಲ್ಲಿರಬೇಕು. ಅದಕ್ಕೆ ಮೂರೂಮುಕ್ಕಾಲಿಗೆ ಏಳಬೇಕು, ರಾತ್ರಿ ಒಂಬತ್ತಕ್ಕೆ ಮಲಗಬೇಕು. ಮೇಷ್ಟ್ರಿಗೆ ಇದು ಕಷ್ಟವೇ ಅಲ್ಲ, ಅವರು ಹೇಗೂ ಕೋಳಿ ಕೂಗುವ ಮುಂಚೆ ಏಳುವವರು. ಬ್ಯಾಂಕಿನವನು ಮಾತ್ರ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದು ಬರುತ್ತಿದ್ದ. ಎರಡೇ ವಾರದಲ್ಲಿ ಅವನ ವೇಗ ಬಿತ್ತು. ನಿದ್ದೆ ಕದ್ದು ಗಳಿಸಿದ ತಂಪು ಲೆಕ್ಕಕ್ಕೆ ಬರುವುದಿಲ್ಲ ಅಂತ ಅವನನ್ನು ನೋಡಿಯೇ ನಮಗೆ ಗೊತ್ತಾಯಿತು.

ನಸುಕಿನ ಇನ್ನೊಂದು ತೊಂದರೆ ನಾಯಿಗಳು. ಆ ಹೊತ್ತಿಗೆ ಇಡೀ ಬೀದಿ ಅವುಗಳದ್ದೇ. ನಾಲ್ಕೈದು ಜನ ಒಟ್ಟಿಗಿದ್ದರೆ ಸುಮ್ನೆ ನೋಡಿ ಬಿಡುತ್ತವೆ. ಒಬ್ಬರೇ ಹೋದರೆ ಮುಂದಿನ ಕ್ರಾಸ್‌ವರೆಗೂ ಬೆನ್ನು ಬಿಡುವುದಿಲ್ಲ.

ಸಂಜೆ ಆರೂವರೆಯ ಓಟದ ಕಥೆ ಬೇರೆ. ಸೂರ್ಯ ಇಳಿದಿರುತ್ತಾನೆ, ರಸ್ತೆ ಮಾತ್ರ ಈಗಷ್ಟೇ ದೋಸೆ ತೆಗೆದ ಕಾವಲಿ. ಹಗಲೆಲ್ಲ ಕುಡಿದ ಕಾವನ್ನು ಡಾಂಬರು ಆಗ ಬಿಡುತ್ತಿರುತ್ತದೆ. ಅದರ ಮೇಲೆ ಬಸ್ಸು, ಆಟೋ, ಹೊಗೆ. ಓಡಿ ಬಂದು ಸ್ನಾನ, ಊಟ ಮುಗಿಸುವ ಹೊತ್ತಿಗೆ ಒಂಬತ್ತೂವರೆ ದಾಟುತ್ತದೆ. ಮೈ ಕಾವು ಇಳಿಯದೆ ನಿದ್ದೆಯೂ ಬೇಗ ಹತ್ತುವುದಿಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಸಿಡಿಲು ಬೇರೆ. ಆಗ ತೆರೆದ ಮೈದಾನದಲ್ಲಿ, ಮರದ ಕೆಳಗೆ ನಿಲ್ಲುವ ಹಾಗೇ ಇಲ್ಲ. ಓಟ ಅಲ್ಲಿಗೇ ಬಂದ್.

ಆದರೂ ಸಂಜೆಯನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಕಾರಣ ಎರಡು. ಒಂದು, ಮೈಸೂರಿನ ಬೇಸಿಗೆ ಸಂಜೆ ಬಿಸಿ ಇದ್ದರೂ ಒಣಗಾಳಿ. ಬೆವರು ಆರುತ್ತದೆ, ಆರಿದರೇ ಮೈ ತಂಪಾಗುವುದು. ನಸುಕಿನ ಗಾಳಿ ತಣ್ಣಗಿದ್ದರೂ ತೇವ ಜಾಸ್ತಿ. ಎರಡನೆಯದು, ಮೈಗೆ ಬಿಸಿಲಿನ ಅಭ್ಯಾಸ ಆಗಬೇಕಾದರೆ ಬಿಸಿಯಲ್ಲಿ ಓಡಲೇಬೇಕು. ದಿನಾ ಒಂದು ಗಂಟೆಯಷ್ಟು ಮೈ ಬಿಸಿ ಮಾಡಿಕೊಂಡರೆ 10ರಿಂದ 14 ದಿನದಲ್ಲಿ ದೇಹ ಹೊಂದಿಕೊಳ್ಳುತ್ತದೆ. ರಕ್ತದಲ್ಲಿನ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬರೀ ನಸುಕಿನಲ್ಲಿ ಓಡಿದವರಿಗೆ ಇದು ಅಷ್ಟಾಗಿ ಸಿಗುವುದಿಲ್ಲ. ಹೈದರಾಬಾದ್‌ನಲ್ಲಿ ಓಟದ ಕೊನೆಯ ಒಂದೆರಡು ಗಂಟೆ ಹೇಗೂ ಹಗಲಲ್ಲೇ. ಆಗ ಒದ್ದಾಡುವವರು ಇವರೇ.

ಹಾಗಾಗಿ ನಮ್ಮ ತೀರ್ಪು ಹೀಗೆ: ಮೊದಲ ಎರಡು ವಾರ ಸಂಜೆ, ಸಣ್ಣ ಓಟ, ನಿಧಾನ. ಆಮೇಲೆ ಉದ್ದದ ಓಟವೆಲ್ಲ ನಸುಕಿಗೆ. ವಾರಕ್ಕೊಂದು ಸಂಜೆ ಮಾತ್ರ ಉಳಿಸಿಕೊಳ್ಳುವುದು, ಅಭ್ಯಾಸ ಬಿಟ್ಟುಹೋಗದಿರಲಿ ಅಂತ.

ಕತ್ತಲಾದರೆ ಸಾಕು, ಸೆಖೆ ಏನೂ ಮಾಡಲ್ಲ ಅನ್ನುವವರು 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್ ನೆನಪಿಸಿಕೊಳ್ಳಲಿ. ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿಗೆ ಇಟ್ಟರು. ಆಗಲೂ 30 ಡಿಗ್ರಿ ಮೀರಿದ ಕಾವು, ಜೊತೆಗೆ ಸಮುದ್ರದ ತೇವ. ಹೊರಟ 68 ಜನರಲ್ಲಿ 28 ಜನ ಮುಗಿಸಲಿಲ್ಲ, ಅವರೆಲ್ಲ ಜಗತ್ತಿನ ಮೇಲ್ಮಟ್ಟದ ಓಟಗಾರ್ತಿಯರು. ಮಂಗಳೂರಿಗೆ ಹೋದಾಗಲೆಲ್ಲ ನನಗೆ ಇದರ ಚಿಕ್ಕ ರುಚಿ ಸಿಗುತ್ತದೆ. ಪಣಂಬೂರು ಕಡೆ ಬೆಳಗ್ಗೆ ಐದಕ್ಕೆ ಹೊರಟರೂ ಎರಡನೇ ಕಿಲೋಮೀಟರ್‌ಗೆ ಬನಿಯನ್ ಹಿಂಡುವ ಹಾಗಾಗಿರುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಸೂರಿನ ನನ್ನ ವೇಗವನ್ನು ಅಲ್ಲಿ ಹಿಡಿಯಲು ಹೋದರೆ ಅರ್ಧ ದಾರಿಯಲ್ಲೇ ನಡಿಗೆ. ಹೈದರಾಬಾದ್‌ನ ಆಗಸ್ಟ್ ಬೆಳಗೂ ಒದ್ದೆ ಗಾಳಿಯದ್ದೇ. ಕರಾವಳಿಯಲ್ಲಿ ನೆಂಟರಿದ್ದರೆ ಒಂದು ವಾರ ಅವರ ಮನೆಯಲ್ಲಿದ್ದು ಓಡಿ ಬನ್ನಿ, ಮೀನೂಟ ಲಾಭ.

ಟ್ರೆಡ್‌ಮಿಲ್

ಬೇಗ ಮುಗಿಸುತ್ತೇನೆ. ಜಿಮ್ಮಿನಲ್ಲಿ ಬಿಸಿಲಿಲ್ಲ, ನಾಯಿ ಇಲ್ಲ. ಗಾಳಿಯೂ ಇಲ್ಲ. ಹೊರಗೆ ಓಡುವಾಗ ಮುಖಕ್ಕೆ ಬಡಿಯುವ ಗಾಳಿ ಬೆವರನ್ನು ಒಣಗಿಸುತ್ತದೆ, ಇಲ್ಲಿ ನಿಂತಲ್ಲೇ ಓಡುವುದರಿಂದ ಆ ಗಾಳಿ ಹುಟ್ಟುವುದೇ ಇಲ್ಲ. ಎದುರಿಗೆ ದೊಡ್ಡ ಫ್ಯಾನ್ ಇಲ್ಲದಿದ್ದರೆ ಕಾಲ ಕೆಳಗೆ ಬೆವರಿನ ಕೊಳ. ನಾನು ಹೋಗುತ್ತಿದ್ದ ಜಿಮ್ಮಿನಲ್ಲಿ ಎಸಿ ಇತ್ತು, ಹಾಕುತ್ತಿರಲಿಲ್ಲ. ಅರ್ಧ ಗಂಟೆಯ ಜೋರು ಓಟಕ್ಕೆ ಟ್ರೆಡ್‌ಮಿಲ್ ಒಳ್ಳೆಯದೇ, ವೇಗ ಆಚೀಚೆ ಆಗುವುದಿಲ್ಲ. ಒಂದು ಗಂಟೆ ಮೀರಿದರೆ ತಲೆ ಕೆಡುತ್ತದೆ. ಗೆಳೆಯರು ಪಕ್ಕದ ಮಷೀನಿನಲ್ಲಿದ್ದರೂ ಮಾತಿಲ್ಲ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್.

ರಿಂಗ್ ರಸ್ತೆ, ಕುಕ್ಕರಹಳ್ಳಿ ಕೆರೆ, ಬೆಟ್ಟ

ಮೈಸೂರಿನ ಹೊರವರ್ತುಲ ರಸ್ತೆಯ ಉದ್ದ ಹತ್ತಿರ ಹತ್ತಿರ ಒಂದು ಮ್ಯಾರಥಾನ್‌ನಷ್ಟೇ. ಹಾಗಾಗಿ ನಮ್ಮೂರಿನ ಓಟಗಾರರಿಗೆಲ್ಲ ಅದರ ಮೇಲೆ ಒಂದು ಕಣ್ಣು. ನೇರ ದಾರಿ, ಲೆಕ್ಕ ಸುಲಭ. ಚಳಿಗಾಲಕ್ಕೆ ಚೆನ್ನಾಗಿದೆ. ಬೇಸಿಗೆಗೆ ಬೇಡ. ನೆರಳು ಕಡಿಮೆ, ಲಾರಿ ಜಾಸ್ತಿ. ಎಲ್ಲಕ್ಕಿಂತ ಹೆಚ್ಚಾಗಿ, ಗುಂಪು ಚದುರುತ್ತದೆ. ಬ್ಯಾಂಕಿನವನು ಮೂರು ಕಿಲೋಮೀಟರ್ ಮುಂದೆ, ಮೇಷ್ಟ್ರು ಎರಡು ಕಿಲೋಮೀಟರ್ ಹಿಂದೆ. ನೀರಿನ ಗಾಡಿ ಯಾರ ಹತ್ತಿರ ಇರಬೇಕು? ಹೋಗಿ ಬರುವ ದಾರಿಯಲ್ಲಿ ಸುಸ್ತಾದವರು ಮನೆಯಿಂದ ಅತಿ ದೂರದಲ್ಲೇ ಸುಸ್ತಾಗಿರುತ್ತಾರೆ.

ಕುಕ್ಕರಹಳ್ಳಿ ಕೆರೆಯ ಸುತ್ತು ನಾಲ್ಕೈದು ಕಿಲೋಮೀಟರ್. ಮಣ್ಣಿನ ದಾರಿ, ಮರಗಳ ನೆರಳು, ಪಕ್ಕದಲ್ಲಿ ನೀರು. ಡಾಂಬರಿನ ಕಾವು ಇಲ್ಲಿಲ್ಲ. ಒಂದೇ ಕೊರತೆ ಅಂದರೆ ನಾಲ್ಕೂವರೆಗೆ ಗೇಟು ತೆಗೆದಿರುವುದಿಲ್ಲ. ಹಾಗಾಗಿ ಮೊದಲ ಒಂದು ಗಂಟೆ ಸರಸ್ವತಿಪುರಂ ರಸ್ತೆಗಳಲ್ಲಿ ಸುತ್ತಿ ಆಮೇಲೆ ಒಳಗೆ ಹೋಗುತ್ತಿದ್ದೆವು. ಅಷ್ಟು ಹೊತ್ತಿಗೆ ವಾಕಿಂಗ್ ಮಾಡುವವರೂ ತುಂಬಿರುತ್ತಾರೆ, ಅದೊಂದು ಕಿರಿಕಿರಿ. ನಾಲ್ಕು ಜನ ಕೈ ಬೀಸಿಕೊಂಡು ಸಾಲಾಗಿ ನಡೆದರೆ ಕೆರೆ ಏರಿಯ ಮೇಲೆ ಓಡುವವರಿಗೆ ಜಾಗ ಎಲ್ಲಿ? ಆದರೆ ಸುತ್ತಿನ ಗುಣವೇ ಬೇರೆ. ನೀರಿನ ಚೀಲ ಒಂದೇ ಕಡೆ ಇರುತ್ತದೆ. ಜೋರಾಗಿ ಓಡುವವನು ಒಂದು ಸುತ್ತು ಜಾಸ್ತಿ ಹೊಡೆಯುತ್ತಾನೆ, ನಿಧಾನದವರು ಒಂದು ಕಡಿಮೆ. ಎಲ್ಲರೂ ಎಲ್ಲರಿಗೂ ಮತ್ತೆ ಮತ್ತೆ ಸಿಗುತ್ತಾರೆ. "ಮೇಷ್ಟ್ರೇ, ಮುಖ ಕೆಂಪಾಗಿದೆ, ಒಂದು ಸುತ್ತು ನಡೀರಿ" ಅಂತ ಹೇಳಲು ಒಬ್ಬರು ಇರುತ್ತಾರೆ. ಬೇಸಿಗೆಯ ಉದ್ದದ ಓಟಕ್ಕೆ ಸುತ್ತೇ ಸರಿ ಅಂತ ನಾನು ಎಷ್ಟು ಬೇಕಾದರೂ ವಾದ ಮಾಡುತ್ತೇನೆ.

ಚಾಮುಂಡಿ ಬೆಟ್ಟದ ರಸ್ತೆಯನ್ನು ವಾರಕ್ಕೊಮ್ಮೆ ಸೇರಿಸಿಕೊಂಡೆವು, ಮೆಟ್ಟಿಲನ್ನಲ್ಲ. ಸಾವಿರ ಮೆಟ್ಟಿಲು ಹತ್ತಿ ಇಳಿದರೆ ಎರಡು ದಿನ ತೊಡೆ ಹಿಡಿದುಕೊಳ್ಳುತ್ತದೆ, ನಮ್ಮ ಅಳತೆಯಲ್ಲಿ ಅದು ನಪಾಸು. ರಸ್ತೆ ಏರು ಹದವಾಗಿದೆ, ಕಾಡಿನ ನೆರಳೂ ಇದೆ. ಹೈದರಾಬಾದ್ ದಾರಿ ತುಂಬ ಫ್ಲೈಓವರ್‌ಗಳು, ಅವಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನಮ್ಮೂರಲ್ಲಿ ಇಲ್ಲ.

ಬಾಟಲಿಯಲ್ಲಿ ಏನು

ಇದರಲ್ಲಿ ಜಗಳ ಜಾಸ್ತಿ. ಮೊದಲು ಡಾಕ್ಟ್ರಮ್ಮ ಒಂದು ಕೆಲಸ ಮಾಡಿಸಿದರು. ಓಟದ ಮುಂಚೆ, ಆಮೇಲೆ ತೂಕ ನೋಡಿಕೊಳ್ಳುವುದು. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ ಅಂತ ಲೆಕ್ಕ, ನಡುವೆ ಕುಡಿದದ್ದನ್ನು ಕೂಡಿಸಿಕೊಳ್ಳಬೇಕು. ಒಂದೇ ದಾರಿ, ಒಂದೇ ಹೊತ್ತು ಓಡಿದರೂ ಬ್ಯಾಂಕಿನವನ ಬೆವರು ಮೇಷ್ಟ್ರದ್ದಕ್ಕಿಂತ ಎರಡು ಪಟ್ಟು ಬಂತು. ಅವನ ಟೋಪಿಯ ಮೇಲೆ ಬಿಳಿ ಉಪ್ಪಿನ ಗೆರೆ ಬೇರೆ. ಅಲ್ಲಿಗೆ ಎಲ್ಲರಿಗೂ ಒಂದೇ ಬಾಟಲಿ ಅನ್ನುವ ಮಾತು ಬಿದ್ದುಹೋಯಿತು.

ಬರೀ ನೀರು ಒಂದು ಗಂಟೆಯವರೆಗೆ ಸಾಕು. ಅದಕ್ಕಿಂತ ಉದ್ದದ ಓಟದಲ್ಲಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಿಗೆ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಿಗೆ, ಅದರ ಅಪಾಯ ಹೆಚ್ಚಿತ್ತು.

ಎಳನೀರು ನಮ್ಮ ಕಡೆಯ ಹೆಮ್ಮೆ, ಮದ್ದೂರಿನ ಎಳನೀರು ಮಾರುಕಟ್ಟೆ ಪಕ್ಕದಲ್ಲೇ ಇದೆ. ಓಟದ ಮಧ್ಯೆ ಅದು ನಂಬರ್ ಒನ್ ಅಲ್ಲ ಅಂದರೆ ಮೇಷ್ಟ್ರಿಗೆ ಬೇಜಾರು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ನಾವು ಕಳೆದುಕೊಳ್ಳುವುದು ಮುಖ್ಯವಾಗಿ ಸೋಡಿಯಂ. ಓಟ ಮುಗಿದ ಮೇಲೆ, ಜೊತೆಗೆ ಉಪ್ಪಿನ ತಿಂಡಿ ಇದ್ದರೆ, ಎಳನೀರು ಬೊಂಬಾಟ್.

ಮಜ್ಜಿಗೆ ಓಡುವಾಗ ಬೇಡವೇ ಬೇಡ. ಹೊಟ್ಟೆಯಲ್ಲಿ ಕುಲುಕಾಡಿ ಹುಳಿತೇಗು ಬರುತ್ತದೆ. ಮುಗಿಸಿ ಹತ್ತು ನಿಮಿಷ ಕೂತ ಮೇಲೆ ಉಪ್ಪು, ಶುಂಠಿ, ಕರಿಬೇವು ಹಾಕಿದ ಮಜ್ಜಿಗೆಗೆ ಎದುರಿಲ್ಲ.

ಓಆರ್‌ಎಸ್ ಪುಡಿ ಅಗ್ಗ, ಲೆಕ್ಕ ಪಕ್ಕಾ. 20.5 ಗ್ರಾಂ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕಬೇಕು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದರೆ ಹೊಟ್ಟೆ ಕೆಡುತ್ತದೆ. ಅದರಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ, ಭೇದಿಯ ರೋಗಿಗೆ ಮಾಡಿದ್ದು ತಾನೇ. ಹಾಗಾಗಿ ಶಕ್ತಿಗೆ ಬೇರೆ ಏನಾದರೂ ತಿನ್ನಬೇಕು. ನಾವು ಏಲಕ್ಕಿ ಬಾಳೆ, ಖರ್ಜೂರ ಇಟ್ಟುಕೊಂಡೆವು. ಕಡಲೆ ಚಿಕ್ಕಿ ಒಣಗಿದ ಬಾಯಿಯಲ್ಲಿ ಇಳಿಯುವುದಿಲ್ಲ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಅಂತ ನಂಬಬೇಡಿ. ಸರಿಯಾದ ಅಳತೆ ಇಲ್ಲದವು ಆ ಹೆಸರು ಹಾಕಿಕೊಳ್ಳಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿತು.

ಮನೆಯ ನಿಂಬೆ ಶರಬತ್ತು ಎಲ್ಲರಿಗೂ ಇಷ್ಟವಾಯಿತು. ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಒಂದು ನಿಂಬೆ. ಚಮಚ ಅಂದರೆ ಟೀ ಚಮಚ, ಮಟ್ಟ ಮಾಡಿದ್ದು. ಜೋರಾಗಿ ಬೆವರುವ ಬ್ಯಾಂಕಿನವನಿಗೆ ಓಆರ್‌ಎಸ್, ಉಳಿದವರಿಗೆ ಇದು ಅಂತ ಕೊನೆಗೆ ಒಪ್ಪಂದವಾಯಿತು.

ಒಬ್ಬರೇನಾ, ಗುಂಪಾ

ಒಬ್ಬರೇ ಓಡುವುದರಲ್ಲಿ ಒಂದು ಲಾಭ ಇದೆ, ನಿಮ್ಮ ವೇಗ ನಿಮ್ಮದೇ. ಗುಂಪಿನಲ್ಲಿ ಯಾರೋ ಒಬ್ಬರು ಸ್ವಲ್ಪ ಜೋರು ಮಾಡುತ್ತಾರೆ, ಉಳಿದವರು ಬಿಟ್ಟುಕೊಡುವುದಿಲ್ಲ. ಸೆಖೆಯಲ್ಲಿ ಇದೇ ಅಪಾಯ. ನಾವು ಗಡಿಯಾರ ನೋಡುವುದು ಬಿಟ್ಟು, ಪೂರ್ತಿ ಒಂದು ವಾಕ್ಯ ಮಾತಾಡಲು ಆಗುವಷ್ಟೇ ವೇಗ ಅಂತ ನಿಯಮ ಮಾಡಿಕೊಂಡೆವು. ರಾಜಕೀಯ ಮಾತಾಡುವ ಮೇಷ್ಟ್ರು ಸುಮ್ಮನಾದರೆ ಎಲ್ಲರೂ ನಿಧಾನ ಮಾಡುತ್ತೇವೆ.

ಆದರೂ ಬೇಸಿಗೆಯಲ್ಲಿ ಒಬ್ಬರೇ ಉದ್ದದ ಓಟಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಓಟದಲ್ಲಿ ಬರುವ ಹೀಟ್ ಸ್ಟ್ರೋಕ್ ಮೊದಲು ಕೆಡಿಸುವುದು ತಲೆಯನ್ನು. ಒಳಗಿನ ಕಾವು 40 ಡಿಗ್ರಿ ಮೀರಿದವರು ತಾವು ಚೆನ್ನಾಗೇ ಇದ್ದೇವೆ ಅನ್ನುತ್ತಾರೆ, ದಾರಿ ತಪ್ಪುತ್ತಾರೆ, ಸಿಟ್ಟು ಮಾಡುತ್ತಾರೆ. ಬೆವರು ಇನ್ನೂ ಸುರಿಯುತ್ತಿರಬಹುದು, ಅದನ್ನು ನೋಡಿ ಮೋಸ ಹೋಗಬಾರದು. ಮಾತು ತೊದಲಿದರೆ ಕೂಡಲೇ ನಿಲ್ಲಿಸಿ, ನೆರಳಿಗೆ ತಂದು, ಸಿಕ್ಕಷ್ಟು ತಣ್ಣೀರು ಮೈಮೇಲೆ ಸುರಿದು, ಐಸ್ ಇದ್ದರೆ ಇಟ್ಟು, 108ಕ್ಕೆ ಕರೆ ಮಾಡಬೇಕು. ಇದನ್ನು ತನಗೆ ತಾನೇ ಮಾಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಬಟ್ಟೆಯ ವಿಷಯ: ಹತ್ತಿ ಬನಿಯನ್ ಒದ್ದೆಯಾಗಿ ಭಾರವಾಗುತ್ತದೆ, ಪಾಲಿಯೆಸ್ಟರ್ ತೋಳಿಲ್ಲದ್ದು ಬೇಗ ಒಣಗುತ್ತದೆ. ತೊಡೆ ಉಜ್ಜುವುದಕ್ಕೆ ಕೊಬ್ಬರಿ ಎಣ್ಣೆ ಒಂದು ಗಂಟೆ ತಡೆಯುತ್ತದೆ, ವ್ಯಾಸಲೀನ್ ಮೂರು ಗಂಟೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಐದೂವರೆಗೆ ಹೊರಟರೂ ನಡೆಯುತ್ತದೆ, ಬ್ಯಾಂಕಿನವನಿಗೆ ಒಂದು ಗಂಟೆ ನಿದ್ದೆ ಉಳಿಯುತ್ತದೆ. ಕೆರೆಯ ದಾರಿ ಮಾತ್ರ ಕೆಸರಾಗುತ್ತದೆ, ಹಾಗಾಗಿ ಆಗ ಲಲಿತಮಹಲ್ ರಸ್ತೆಗೆ ಹೋಗುತ್ತೇವೆ. ಅಲ್ಲೂ ಸುತ್ತೇ.