ಜಾಮೀನು ಸಹಿ ಹಾಕಿದ್ದೀರಾ? ಅಪ್ಪನ ಪಿಂಚಣಿ ಖಾತೆ ಫ್ರೀಜ್ ಆದ ಕಥೆ ಓದಿ

ಯಾರದ್ದೋ ಸಾಲಕ್ಕೆ ಜಾಮೀನು ನಿಂತು ಮರೆತವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ.

ನಮ್ಮಪ್ಪ ಸರ್ಕಾರಿ ಹೈಸ್ಕೂಲಿನ ನಿವೃತ್ತ ಮೇಷ್ಟ್ರು. ತುಮಕೂರಿನಲ್ಲಿದ್ದಾಗ ಜೊತೆಯ ಮೇಷ್ಟ್ರೊಬ್ಬರು ಒಂದು ಖಾಸಗಿ ಫೈನಾನ್ಸ್‌ನಲ್ಲಿ ಸಾಲ ತೆಗೆದರು, ಅಪ್ಪ ಜಾಮೀನು ಹಾಕಿದರು. ಆಮೇಲೆ ನಾವು ಮೈಸೂರಿಗೆ ಬಂದೆವು. ಅವರು ಕಂತು ಕಟ್ಟುವುದು ನಿಲ್ಲಿಸಿದರು. ಫೈನಾನ್ಸ್‌ನವರು ಇಬ್ಬರ ಮೇಲೂ ದಾವೆ ಹೂಡಿದರು. ಸಮನ್ಸ್ ಹೋದದ್ದು ನಮ್ಮ ಹಳೆಯ ಬಾಡಿಗೆ ಮನೆಗೆ. ಅಲ್ಲಿ ಬಾಗಿಲಿಗೆ ಅಂಟಿಸಿದರು, ಪೇಪರಿನಲ್ಲಿ ಪ್ರಕಟಣೆ ಕೊಟ್ಟರು, ಏಕಪಕ್ಷೀಯ ಡಿಕ್ರಿ (ನಮ್ಮ ಮಾತು ಕೇಳದೆಯೇ ಕೊಟ್ಟ ತೀರ್ಪು) ಆಗಿಹೋಯಿತು.

ನಮಗೆ ಗೊತ್ತಾದದ್ದು ಮೆಡಿಕಲ್ ಸ್ಟೋರಿನಲ್ಲಿ ಯುಪಿಐ ಫೇಲ್ ಆದ ಮೇಲೆ. ಬ್ಯಾಂಕಿಗೆ ಹೋದರೆ, 'ಕೋರ್ಟ್ ಆರ್ಡರ್ ಬಂದಿದೆ ಸರ್, ನಮ್ಮ ಕೈಯಲ್ಲಿ ಏನೂ ಇಲ್ಲ' ಅಂದರು. 'ನಾನು ಯಾರ ಹತ್ತಿರಾನೂ ಸಾಲ ಮಾಡಿಲ್ಲಮ್ಮ' ಎಂದು ಅಪ್ಪ ಕೌಂಟರಿನಲ್ಲಿ ಹೇಳುತ್ತಲೇ ಇದ್ದರು. ಕಾನೂನಿಗೆ ಆ ವ್ಯತ್ಯಾಸವೇ ಇಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಷರತ್ತು ಬರೆದುಕೊಂಡಿರದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಮೊದಲು ಸಾಲಗಾರನನ್ನು ಹಿಡಿಯಬೇಕು ಎಂಬ ನಿಯಮವೂ ಇಲ್ಲ. ಡಿಕ್ರಿಗೆ 12 ವರ್ಷ ಜೀವ ಇರುತ್ತದೆ. ಹಳೇ ವಿಷಯ, ಸತ್ತುಹೋಯಿತು ಅಂದುಕೊಳ್ಳಬೇಡಿ.

ಬ್ಯಾಂಕಿನವರ ಜೊತೆ ಜಗಳ ಆಡಿ ಸುಮ್ನೆ ದಿನ ಕಳೆಯಬೇಡಿ. ಅವರಿಂದ ಆದೇಶದ ಪ್ರತಿ ಕೇಳಿ. ಯಾವ ಕೋರ್ಟು, ಕೇಸ್ ನಂಬರ್ ಏನು, ಎಷ್ಟು ಮೊತ್ತಕ್ಕೆ ಜಪ್ತಿ, ಅಷ್ಟು ಗೊತ್ತಾದರೆ ಸಾಕು. ಈಗ ಸೈಬರ್ ದೂರಿನಿಂದಲೂ ಖಾತೆಗಳು ಫ್ರೀಜ್ ಆಗುತ್ತವೆ, ಅದರ ದಾರಿಯೇ ಬೇರೆ. ಸಮನ್ಸ್ ಸರಿಯಾಗಿ ಮುಟ್ಟಿರದಿದ್ದರೆ ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಎಂದು ಅರ್ಜಿ ಹಾಕಬಹುದು. ಅದಕ್ಕೆ ವಿಷಯ ಗೊತ್ತಾದ ದಿನದಿಂದ 30 ದಿನ ಮಾತ್ರ. ಬ್ಯಾಂಕಿನಲ್ಲಿ ಆ ಮಾತು ಕೇಳಿದ ದಿನವೇ ಲೆಕ್ಕ ಶುರು!

ಸಾಮಾನ್ಯವಾಗಿ ಫ್ರೀಜ್ ಆದ ತಕ್ಷಣ ದುಡ್ಡು ಫೈನಾನ್ಸ್‌ನವರ ಕೈ ಸೇರುವುದಿಲ್ಲ. ಬ್ಯಾಂಕ್ ಅದನ್ನು ಕೋರ್ಟಿಗೆ ಕಟ್ಟುವವರೆಗೆ ಸ್ವಲ್ಪ ಸಮಯ ಇರುತ್ತದೆ. ನಮ್ಮ ವಕೀಲರು ಆ ಸಮಯದಲ್ಲಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 60ನೇ ಕಲಂ ಹಿಡಿದು ಅರ್ಜಿ ಹಾಕಿದರು. ಸರ್ಕಾರಿ ಪಿಂಚಣಿಯನ್ನು ಇಂಥ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ. ಪಿಪಿಎಫ್ ಕೂಡ ಹಾಗೆಯೇ. ಸಂಬಳವಾದರೆ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ನಿಮ್ಮದೇ. ಅಂದರೆ 40,000 ಸಂಬಳದಲ್ಲಿ 13,000ಕ್ಕಿಂತ ಜಾಸ್ತಿ ಮುಟ್ಟುವಂತಿಲ್ಲ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಿಗಿಂತ ಹೆಚ್ಚು ಹಿಡಿಯುವಂತೆಯೂ ಇಲ್ಲ. ಇದೆಲ್ಲ ತಾನಾಗಿ ಸಿಗುತ್ತದೆ ಅಂದುಕೊಂಡಿದ್ದೆವು. ಇಲ್ಲ, ನಾವೇ ಕೇಳಬೇಕು, ಯಾವ ಜಮಾ ಪಿಂಚಣಿಯದ್ದು ಎಂದು ಸ್ಟೇಟ್‌ಮೆಂಟ್ ಇಟ್ಟು ತೋರಿಸಬೇಕು. ಅಪ್ಪನ ಖಾತೆ ಅಮ್ಮನ ಜೊತೆ ಜಂಟಿಯಾಗಿತ್ತು. ಅಮ್ಮ ಹೊಲಿಗೆಯಿಂದ ಉಳಿಸಿದ್ದ ದುಡ್ಡೂ ಅದರಲ್ಲೇ ಸಿಕ್ಕಿಹಾಕಿಕೊಂಡಿತು. ಅದು ಅವರದ್ದು ಎನ್ನಲು ನಮ್ಮ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್ ಲೆಕ್ಕ ಮಾತ್ರ. ಪಿಂಚಣಿಗೆ ಬೇರೆ ಖಾತೆ ಇಡಿಸಿ, ಮನೆಯವರ ದುಡ್ಡು ಬೆರೆಸಬೇಡಿ.

ಸಹಿ ಅಪ್ಪನದ್ದೇ ಆದ್ದರಿಂದ ಕೇಸು ಮತ್ತೆ ತೆರೆದರೂ ಸಾಲ ಮಾಯವಾಗುವುದಿಲ್ಲ ಎಂದು ವಕೀಲರು ನೇರವಾಗಿಯೇ ಹೇಳಿದರು. ಕೊನೆಗೆ ಬಡ್ಡಿ ಇಳಿಸಿ ರಾಜಿ ಆಯಿತು. ನಡುವೆ ಫೈನಾನ್ಸ್ ಕಡೆಯವನೊಬ್ಬ ಬಂದು, 'ಕ್ಯಾಶ್ ಕೊಡಿ ಸಾರ್, ನಾಳೆಯೇ ಖಾತೆ ಬಿಡಿಸ್ತೀನಿ' ಅಂದಿದ್ದ. ಇಂಥವರನ್ನು ನಂಬಲೇಬೇಡಿ. ಹೊರಗೆ ಕೊಟ್ಟ ದುಡ್ಡು ಕೋರ್ಟಿನಲ್ಲಿ ದಾಖಲಾಗದಿದ್ದರೆ ಡಿಕ್ರಿ ಜಾರಿ ಮಾಡುವ ಅಮಲ್ಜಾರಿ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾಜಿ ದಾಖಲಾದ ಮೇಲೂ ಜಪ್ತಿ ತೆರವಿನ ಆದೇಶ ಬ್ಯಾಂಕಿಗೆ ಮುಟ್ಟುವವರೆಗೆ ಖಾತೆ ಬೀಗ ತೆರೆಯಲಿಲ್ಲ.

ನಿಮ್ಮ ಮೇಲೆ ಕೇಸಿದೆಯೇ ಎಂದು ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು, ವರ್ಷ ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಮೊದಲಿದ್ದ ಊರಿನ ಕೋರ್ಟುಗಳನ್ನೂ ನೋಡಿ. ಮನೆ ಬದಲಿಸಿದರೆ ಸಾಲ ಕೊಟ್ಟವರಿಗೆ ಹೊಸ ವಿಳಾಸವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಕಟ್ಟಿದ್ದನ್ನು ಸಾಲಗಾರರಿಂದ ವಸೂಲಿ ಮಾಡುವ ಹಕ್ಕು ಜಾಮೀನುದಾರನಿಗಿದೆ, ಕಟ್ಟಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಆ ಮೇಷ್ಟ್ರಿಗೆ ಲಾಯರ್ ನೋಟಿಸ್ ಕಳಿಸಿದ್ದೇವೆ. ಫೋನಂತೂ ಎತ್ತುತ್ತಿಲ್ಲ.